ಗೋಡೆ ಬಿಟ್ಟು ಪೆಟ್ಟಿಗೆ ಕಟ್ಟಿದೆ: ಹೊಳೆಕರೆ ಉಳಿಸಿಕೊಂಡ ನನ್ನ ಅನುಭವ

ಕುಮಾರಧಾರೆಗೆ ಸೇರುವ ಹೊಳೆಯೊಂದು ನಮ್ಮ ಅಡಕೆ ತೋಟದ ಬದಿಯಲ್ಲಿ ತಿರುಗಿ ಹರಿಯುತ್ತದೆ. ಆ ತಿರುವಿನ ಹೊರಬದಿಯ ಸುಮಾರು 180 ಅಡಿ ಉದ್ದದ ದರೆಗೆ 2021ರ ಬೇಸಗೆಯಲ್ಲಿ ನಾನು ಗೇಬಿಯನ್, ಅಂದರೆ ಕಲ್ಲು ತುಂಬಿದ ತಂತಿಬಲೆಯ ಪೆಟ್ಟಿಗೆಗಳನ್ನು ಇಡಿಸಿದಾಗ, ಮೊದಲ ನೆರೆಗೇ ಅವು ಉಪ್ಪಿನಂಗಡಿ ಸೇರುತ್ತವೆ ಎಂದವರು ಊರಿನಲ್ಲಿ ಬಹಳ ಮಂದಿ ಇದ್ದರು. 2022ರ ಆಗಸ್ಟ್ ಮತ್ತು 2024ರ ಜುಲೈ ಕೊನೆಯ ನೆರೆಗಳೆರಡೂ ಅದರ ಮೇಲೆ ಹರಿದುಹೋದವು. ಅಂದಿನಿಂದ ಇಂದಿನವರೆಗೆ ಹೊಳೆಬದಿಯ ಸಾಲಿನ ಒಂದು ಅಡಕೆಮರವೂ ನೀರುಪಾಲಾಗಿಲ್ಲ. ಆಗ ನಕ್ಕವರಲ್ಲಿ ಇಬ್ಬರು ಈಗ ಅಳತೆಪಟ್ಟಿ ಹಿಡಿದು ಬಂದು ಹೋಗಿದ್ದಾರೆ.

ನಮ್ಮಲ್ಲಿ ದರೆ ಕುಸಿಯುವುದು ನೆರೆ ಏರಿದಾಗ ಅಲ್ಲ, ಇಳಿಯುವಾಗ. ಕುಮಾರಧಾರೆ ತುಂಬಿದಾಗ ಹೊಳೆಯ ನೀರು ಮುಂದೆ ಹೋಗಲಾರದೆ ಹಿಮ್ಮೆಟ್ಟಿ, ಒಂದೆರಡು ದಿನ ದರೆಯ ತಲೆಯವರೆಗೆ ನಿಂತಿರುತ್ತದೆ. ಮಣ್ಣು ಅಷ್ಟರಲ್ಲಿ ಪೂರ್ತಿ ನೀರು ಕುಡಿದಿರುತ್ತದೆ. ಘಟ್ಟದ ಮಳೆ ನಿಂತು ನದಿ ಇಳಿಯಿತೆಂದರೆ ಹೊಳೆಯ ಮಟ್ಟ ಒಂದೇ ರಾತ್ರಿಯಲ್ಲಿ ಕೆಳಗಿಳಿಯುತ್ತದೆ, ಆದರೆ ಮಣ್ಣಿನೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಎದುರಿನಿಂದ ಆನಿಸಿ ನಿಂತಿದ್ದ ನೀರಿನ ಆಸರೆ ತಪ್ಪಿದ ಕೂಡಲೇ ದರೆ ತನ್ನ ಭಾರಕ್ಕೆ ತಾನೇ ಹೊಳೆಗೆ ಜಾರುತ್ತದೆ. ತಂದೆಯವರ ಕಾಲದಲ್ಲಿ ಸಿಮೆಂಟು ಹಾಕಿ ಕಟ್ಟಿಸಿದ್ದ ಮುರಕಲ್ಲಿನ ಗೋಡೆ ಬಿದ್ದದ್ದೂ ಹೀಗೆಯೇ, ಮಳೆ ಬಿಟ್ಟು ಬಿಸಿಲು ಕಂಡ ಬೆಳಿಗ್ಗೆ, ಇಡೀ ಗೋಡೆ ಹೊಳೆಯ ಕಡೆಗೆ ಮಗುಚಿತ್ತು. ನೀರು ಹೊರಬರಲು ಅದರಲ್ಲಿ ನಾಲ್ಕಾರು ತೂತುಗಳಿದ್ದವು, ಅವೂ ಕೆಸರಿನಿಂದ ಮುಚ್ಚಿಹೋಗಿದ್ದವು.

ಗೋಡೆಯ ನಂತರ ಅದೇ ಜಾಗದಲ್ಲಿ ಹಲವು ಪ್ರಯತ್ನಗಳು ನಡೆದವು. ಮರಳು ತುಂಬಿದ ಪ್ಲಾಸ್ಟಿಕ್ ಗೋಣಿಗಳು ಒಂದೇ ಬೇಸಗೆಯ ಬಿಸಿಲಿಗೆ ಪುಡಿಯಾದವು. ಹಳೆಯ ಅಡಕೆಮರದ ಕಂಬಗಳನ್ನು ಹುಗಿದು ಬಿದಿರು ಹೆಣೆದದ್ದು ಒಂದು ಮಳೆಗಾಲ ಒಳ್ಳೆಯ ಹೂಳು ಹಿಡಿಯಿತು, ಎರಡನೆಯ ಮಳೆಗಾಲದಲ್ಲಿ ಕಂಬಗಳು ಬುಡದಲ್ಲೇ ಕೊಳೆತವು. ಬೇಲಿಗೆ ಬಳಸುವ ಚೈನ್‌ಲಿಂಕ್ ಬಲೆಯಲ್ಲಿ ಕಲ್ಲು ಕಟ್ಟಿ 2019ಕ್ಕೆ ಮೊದಲು ಇಟ್ಟಿದ್ದೆವು. ಆ ವರ್ಷದ ಆಗಸ್ಟ್ ನೆರೆಯಲ್ಲಿ ತೇಲಿ ಬಂದ ಮರದ ದಿಮ್ಮಿಯೊಂದು ಬಡಿದು ಒಂದು ತಂತಿ ತುಂಡಾಯಿತು, ಆ ಒಂದು ತಂತಿಯ ಹಿಂದೆಯೇ ಉಳಿದ ಹೆಣಿಗೆಯೂ ಬಿಚ್ಚುತ್ತ ಹೋಗಿ ಕಲ್ಲುಗಳೆಲ್ಲ ಹೊಳೆಯ ತಳ ಸೇರಿದವು. ಎರಡು ಸುತ್ತು ತಿರುಚಿದ ಆರುಮೂಲೆಯ ಬಲೆಯಲ್ಲಿ ಈ ತೊಂದರೆ ಇಲ್ಲ. ಒಂದು ಎಳೆ ಕಡಿದರೂ ಹರಿಕು ಅಲ್ಲಿಗೇ ನಿಲ್ಲುತ್ತದೆ. ಪಿವಿಸಿ ಹೊದಿಕೆಯದ್ದನ್ನೇ ತರಿಸಿದೆ, ಒಳಗಿನ ತಂತಿ 2.7 ಮಿಲಿಮೀಟರ್.

ಕೆಲಸ ಆರಂಭಿಸಿದ್ದು ಬುಡದಿಂದ. ದರೆಯ ಬುಡದಲ್ಲಿ ಹೊಳೆಯ ಕಡೆಗೆ 3 ಮೀಟರ್ ಅಗಲ, ಒಂದಡಿ ದಪ್ಪದ ಕಲ್ಲಿನ ಹಾಸನ್ನು ಅದೇ ತರಹದ ಬಲೆಯಲ್ಲಿ ಹಾಸಿದೆ. ನೀರು ತಳವನ್ನು ಕೊರೆದಂತೆಲ್ಲ ಈ ಹಾಸಿನ ಹೊರತುದಿ ಬಾಗಿ ಕೆಳಗಿಳಿದು ಕೊರೆತವನ್ನು ತಾನೇ ಮುಚ್ಚುತ್ತದೆ. ಕಾಂಕ್ರೀಟಿಗೆ ಬಾಗಲು ಬಾರದು, ಅದಕ್ಕೆ ಗೊತ್ತಿರುವುದು ಮುರಿಯುವುದೊಂದೇ. ಹಾಸಿನ ಮೇಲೆ ಕೆಳಗಿನ ಸಾಲು ಎರಡು ಮೀಟರ್ ಅಗಲ, ಮೇಲಿನ ಸಾಲು ಒಂದು ಮೀಟರ್ ಅಗಲ. ಅದಕ್ಕಿಂತ ಮೇಲಿನ ದರೆಯನ್ನು ಇಳಿಜಾರಾಗಿ ಕೆತ್ತಿಸಿದೆ. ಪೆಟ್ಟಿಗೆಗಳ ಹಿಂದೆ ಜಿಯೋಟೆಕ್ಸ್‌ಟೈಲ್, ಅಂದರೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ ಹಾಕಲೇಬೇಕು, ಇಲ್ಲವಾದರೆ ಕಲ್ಲುಸಂದಿಯಿಂದ ಮಣ್ಣು ನಿಧಾನವಾಗಿ ಸೋರಿ ಹಿಂದೆ ಪೊಳ್ಳಾಗುತ್ತದೆ. ಸಾಲಿನ ಎರಡೂ ತುದಿಗಳನ್ನು ದರೆಯ ಒಳಕ್ಕೆ ಏಳೆಂಟು ಅಡಿ ತಿರುಗಿಸಿ ಹುಗಿದಿದ್ದೇನೆ. ನಾನು ನೋಡಿದ ಬಹುತೇಕ ಗೇಬಿಯನ್‌ಗಳು ಹಾಳಾದದ್ದು ಮೇಲ್ಹರಿವಿನ ತುದಿಯಲ್ಲಿ ನೀರು ಪೆಟ್ಟಿಗೆಗಳ ಹಿಂದಕ್ಕೆ ನುಗ್ಗಿದ್ದರಿಂದಲೇ.

ಜಗಳವಾದದ್ದು ಚಾಚುಕಟ್ಟೆಗಳ ವಿಷಯದಲ್ಲಿ. ಮರವಂತೆಯಲ್ಲಿ ಹೆದ್ದಾರಿಯ ಪಕ್ಕ ಕಡಲಿಗೆ ಚಾಚಿಕೊಂಡಿರುವ ಕಲ್ಲಿನ ಕಟ್ಟೆಗಳನ್ನು ನೋಡಿದಂದಿನಿಂದ ಅಂಥದ್ದನ್ನೇ ಚಿಕ್ಕದಾಗಿ ಹೊಳೆಯಲ್ಲಿ ಮಾಡಬೇಕೆಂಬ ಯೋಚನೆ ನನಗಿತ್ತು. ದಡದಿಂದ ಸುಮಾರು 12 ಅಡಿ ಚಾಚಿದ ನಾಲ್ಕು ಕಟ್ಟೆಗಳನ್ನು, ಕಟ್ಟೆಯ ಉದ್ದದ ಎರಡೂವರೆ ಪಟ್ಟಿಗಿಂತ ಹೆಚ್ಚು ಅಂತರವಾಗದಂತೆ, ತಿರುವಿನ ಅತಿ ಜೋರಿನ ಭಾಗದಲ್ಲಿ ಇರಿಸಿದೆ. ತುದಿ ಸ್ವಲ್ಪ ಮೇಲ್ಹರಿವಿನ ಕಡೆಗೆ ವಾಲಿದ್ದರೆ ಸೆಳೆತ ದಡದಿಂದ ದೂರ ಸರಿಯುತ್ತದೆ. ಎದುರು ದಡದ ಹಿರಿಯರು ಬಂದು, "ನೀರನ್ನು ನನ್ನ ತೋಟಕ್ಕೆ ತಿರುಗಿಸುತ್ತೀರಾ ಮಾರಾಯ್ರೆ?" ಎಂದು ಕೇಳಿದ್ದು ನ್ಯಾಯವೇ. ಹೊಳೆಯ ಅಗಲದ ಐದನೆಯ ಒಂದು ಪಾಲಿಗಿಂತ ಕಟ್ಟೆ ಮುಂದೆ ಬರುವುದಿಲ್ಲ ಎಂದು ಹಗ್ಗ ಹಿಡಿದು ಅಳೆದು ತೋರಿಸಿದ ಮೇಲೆಯೇ ಅವರು ಒಪ್ಪಿದ್ದು. ಹೊಳೆಯ ಪಾತ್ರ ಸರ್ಕಾರದ್ದು, ಆದ್ದರಿಂದ ಬರಹದ ಅನುಮತಿಯನ್ನೂ ಮೊದಲೇ ಪಡೆದಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಟ್ಟೆಗಳ ನಡುವೆ ಮೊಣಕಾಲೆತ್ತರದ ಮರಳು ನಿಂತಿತು.

ಖರ್ಚನ್ನು ನೆನಪಿನಿಂದ ಹೇಳುತ್ತೇನೆ. ಪೆಟ್ಟಿಗೆ ಮತ್ತು ಹಾಸಿನ ಬಲೆಗೆ ಎರಡೂವರೆ ಲಕ್ಷದ ಮೇಲೆ, ನಲವತ್ತಕ್ಕೂ ಮಿಕ್ಕಿದ ಟಿಪ್ಪರ್ ಲೋಡು ಕಗ್ಗಲ್ಲಿಗೆ ಎರಡು ಲಕ್ಷದ ಹತ್ತಿರ, ಕೂಲಿಗೆ ಒಂದು ಮುಕ್ಕಾಲು ಲಕ್ಷ, ಹಿಟಾಚಿ ಮತ್ತು ಬಟ್ಟೆ ಸೇರಿ ಎಂಬತ್ತು ಸಾವಿರದ ಆಸುಪಾಸು. ಒಟ್ಟು ಏಳು ಲಕ್ಷದೊಳಗೆ ಮುಗಿಯಿತೋ, ಸ್ವಲ್ಪ ದಾಟಿತೋ ಎಂಬಂತೆ. ಅದೇ ಉದ್ದದ ಕಾಂಕ್ರೀಟ್ ತಡೆಗೋಡೆಗೆ ಗುತ್ತಿಗೆದಾರರೊಬ್ಬರು ಕೇಳಿದ್ದು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಹೊಳೆಯ ಗುಂಡುಕಲ್ಲನ್ನೇ ತುಂಬಿ ಕಲ್ಲಿನ ಹಣ ಉಳಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಹೊಳೆಯಿಂದ ಕಲ್ಲೆತ್ತಿದರೆ ತಳ ಇನ್ನಷ್ಟು ಆಳವಾಗುತ್ತದೆ, ಮೇಲಾಗಿ ನುಣುಪು ಕಲ್ಲು ಒಂದರ ಮೇಲೊಂದು ಜಾರಿ ಪೆಟ್ಟಿಗೆಯ ಹೊಟ್ಟೆ ಉಬ್ಬಿಸುತ್ತದೆ.

ಕೂಲಿಯ ಹಣದಲ್ಲಿ ಮಾತ್ರ ಜಿಪುಣತನ ಸಲ್ಲದು. ಹಿಟಾಚಿಯ ಬಕೆಟ್ಟಿನಿಂದ ಸುರಿದು ಮುಚ್ಚಳ ಕಟ್ಟಿದ ಪೆಟ್ಟಿಗೆಗೂ, ಮುಖದ ಕಲ್ಲನ್ನು ಕೈಯಲ್ಲಿ ಜೋಡಿಸಿ, ಮೂರನೆಯ ಒಂದು ಪಾಲು ತುಂಬಿದಾಗಲೆಲ್ಲ ಮುಂದಿನ ಬಲೆಗೂ ಹಿಂದಿನ ಬಲೆಗೂ ಅಡ್ಡತಂತಿ ಬಿಗಿದ ಪೆಟ್ಟಿಗೆಗೂ ಇರುವ ವ್ಯತ್ಯಾಸ ಮೊದಲ ಮಳೆಗಾಲದಲ್ಲೇ ಕಾಣುತ್ತದೆ. ಖಾಲಿ ಪೆಟ್ಟಿಗೆಗಳ ಸಾಲನ್ನು ತುಂಬುವ ಮೊದಲು ಎಳೆದು ನೇರ ಮಾಡಲು ನನ್ನದೇ ಒಂದು ಉಪಾಯವಿದೆ. ಅದಕ್ಕೆ ಬೇಕಾದ ಸಾಮಾನು ಪ್ರತಿ ತೋಟದ ಕೊಟ್ಟಿಗೆಯಲ್ಲೂ ಇರುತ್ತದೆ. ಆದರೆ ಅದನ್ನಿಲ್ಲಿ ಬರೆಯುವುದಿಲ್ಲ, ಕೆಲಸಕ್ಕೆ ನನ್ನನ್ನು ಕರೆದವರಿಗೆ ಕಾಣಸಿಗುತ್ತದೆ.

ಮೇಲಿನ ಇಳಿಜಾರಿನಲ್ಲಿ ಬೇರೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ತೆಂಗಿನ ನಾರಿನ ಬಲೆ ಹಾಸಿ ಲಾವಂಚ ನೆಟ್ಟೆ. ಬಿಸಿಲಿದ್ದ ಅರ್ಧ ಭಾಗದಲ್ಲಿ ಅದು ಆಳೆತ್ತರ ಬೆಳೆದು ಬೇರಿನಿಂದ ಮಣ್ಣನ್ನು ಬಿಗಿಯಾಗಿ ಹಿಡಿಯಿತು, ಅಡಕೆಯ ನೆರಳು ಬೀಳುವ ಅರ್ಧ ಭಾಗದಲ್ಲಿ ಬಡಕಲಾಗಿ ಸತ್ತಿತು. ನೆರಳಿನ ಭಾಗಕ್ಕೆ ಕೇದಗೆ ಹಾಕಿದ್ದೇನೆ. ಹಾವಿನ ಭಯದಿಂದ ಕೆಲಸದವರು ಅತ್ತ ಹೋಗಲು ಒಪ್ಪುವುದಿಲ್ಲ, ಆದರೆ ದರೆಗೆ ಅದರ ಬೇರು ಒಳ್ಳೆಯದು. ನಾರಿನ ಬಲೆ ಎರಡು ಮೂರು ವರ್ಷದಲ್ಲಿ ಮಣ್ಣಾಯಿತು, ಅಷ್ಟರಲ್ಲಿ ಅದರ ಕೆಲಸ ಮುಗಿದಿತ್ತು. ಹಳೆಯ ಲಾರಿ ಟಯರುಗಳನ್ನು ಕಟ್ಟಿ ಇಟ್ಟದ್ದು ಮಾತ್ರ ಪೂರ್ತಿ ವ್ಯರ್ಥ, ಅವು ನೆರೆಯಲ್ಲಿ ಎದ್ದು ಎಲ್ಲಿಗೋ ಹೋದವು.

ಪ್ರತಿ ವರ್ಷ ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ಸಾಲಿನುದ್ದಕ್ಕೂ ನಡೆದು, ದಿಮ್ಮಿ ಬಡಿದು ತಂತಿ ಕಡಿದ ಕಡೆ ಹೊಸ ತಂತಿ ಹೊಲಿಸುತ್ತೇನೆ. ಎರಡು ಸಾವಿರ ರೂಪಾಯಿಯ ಆ ಕೆಲಸವನ್ನು ಮುಂದಕ್ಕೆ ಹಾಕಿದರೆ ಮುಂದಿನ ವರ್ಷ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕಾದೀತು. ಸದ್ಯ ಕೆಳತುದಿಯಲ್ಲಿ, ಕೊನೆಯ ಕಟ್ಟೆ ದಾಟಿದ ಮೇಲೆ, ನೀರು ಸುಳಿ ಸುತ್ತಿ ದರೆಯನ್ನು ಕೆರೆಯಲಾರಂಭಿಸಿದೆ. ಅಲ್ಲಿಗೆ ಇನ್ನೂ ಏಳೆಂಟು ಪೆಟ್ಟಿಗೆ ಬೇಕಾಗುತ್ತದೆ. ಕಲ್ಲಿನ ದರ ಈಗ ಲೋಡಿಗೆ ಸಾವಿರದಷ್ಟು ಏರಿರುವುದರಿಂದ, ಅಡಕೆ ಮಾರಿದ ಮೇಲೆ ಬರುವ ಬೇಸಗೆಯಲ್ಲಿ ಆ ಕೆಲಸಕ್ಕೆ ಕೈಹಾಕುತ್ತೇನೆ.