ಆರು ಮನೆ ಶ್ರುತಿಗೆ ಒಂದು ಗಿಡ್ಡ ರೆಸೊನೇಟರ್ ಗಿಟಾರ್

ನಮ್ಮಕ್ಕ ಹಾಡುವುದು ಆರು ಮನೆ ಶ್ರುತಿಯಲ್ಲಿ, ಅಂದರೆ ಎ ಶ್ರುತಿಯಲ್ಲಿ. ತೊಡೆಯ ಮೇಲಿಟ್ಟು ನುಡಿಸುವ ರೆಸೊನೇಟರ್ ಗಿಟಾರಿಗೆ ರೂಢಿಯ ಶ್ರುತಿ ಜಿ, ಅಂದರೆ ಐದು ಮನೆ. ದಪ್ಪ ತಂತಿಯಿಂದ ಎಣಿಸಿದರೆ ಜಿ ಬಿ ಡಿ ಜಿ ಬಿ ಡಿ. ನಮ್ಮ ಲೆಕ್ಕದಲ್ಲಿ ಸ ಗ ಪ ಸ ಗ ಪ. ಆರು ತಂತಿಯನ್ನೂ ಒಂದೊಂದು ಮನೆ ಏರಿಸಿದರೆ ಅಕ್ಕನಿಗೆ ಹೊಂದುತ್ತದೆ. ಆದರೆ ತಂತಿಯ ಉದ್ದ 25 ಇಂಚು ಇರುವ ಗಿಟಾರಿನಲ್ಲಿ ಹಾಗೆ ಏರಿಸಿದರೆ ತಂತಿಯ ಬಿಗಿ ಕಾಲು ಭಾಗಕ್ಕಿಂತ ಹೆಚ್ಚಾಗುತ್ತದೆ. ಅಷ್ಟನ್ನೂ ಹೊರಬೇಕಾದದ್ದು ಕೋನು, ಅಂದರೆ ಒಡಲೊಳಗೆ ಕೂತು ಸದ್ದನ್ನು ಗಟ್ಟಿ ಮಾಡುವ ತೆಳು ಅಲ್ಯೂಮಿನಿಯಂ ಬಟ್ಟಲು. ಎಲ್ಲ ತಂತಿಗಳನ್ನೂ ಕತ್ತಿನ ಮೇಲೆ ಒಟ್ಟಿಗೆ ಒತ್ತಿ ಹಿಡಿಯುವ ಕೇಪೋ ಹಾಕಬಹುದು, ನಿಜ. ಆದರೆ ದಿನವೂ ಅದೇ ಶ್ರುತಿ ಬೇಕು ಎಂದಾದ ಮೇಲೆ ಕತ್ತನ್ನೇ ಗಿಡ್ಡ ಮಾಡುವುದು ಒಳ್ಳೆಯದು ಅನ್ನಿಸಿತು.

ಬೆಂಗಳೂರಿನಿಂದ ತಂದಿದ್ದ, ಕತ್ತು ಮುರಿದ ಒಂದು ಹಳೆಯ ರೆಸೊನೇಟರ್ ಮನೆಯಲ್ಲಿತ್ತು. ಮರದ ಒಡಲು, ಒಳಗೆ ಹತ್ತೂವರೆ ಇಂಚಿನ ಕೋನು, ಅದರ ಮೇಲೆ ಎಂಟು ಕಾಲಿನ ಜೇಡದಂಥ ಎರಕದ ಚೌಕಟ್ಟು. ತಂತಿಯ ಅದುರು ಕುದುರೆಯಿಂದ ಈ ಚೌಕಟ್ಟಿಗೆ, ಅಲ್ಲಿಂದ ಕೋನಿನ ಅಂಚಿಗೆ ಇಳಿಯುತ್ತದೆ. ಜಾನ್ ಡೋಪ್ಯೆರಾ ಮತ್ತು ಅವರ ಅಣ್ಣತಮ್ಮಂದಿರು 1928ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡೋಬ್ರೋ ಹೆಸರಲ್ಲಿ ಶುರು ಮಾಡಿದ ವಿನ್ಯಾಸ ಇದು. ಮೈಕು, ಆಂಪ್ಲಿಫೈಯರ್ ಇಲ್ಲದ ಕಡೆ ಗಟ್ಟಿಯಾಗಿ ಕೇಳಬೇಕು ಅನ್ನುವುದೇ ಆಗಿನ ಉದ್ದೇಶ. ಜುಲೈಯಲ್ಲಿ ಮಡಿಕೇರಿ ಕಡೆ ಕರೆಂಟು ಹೋಗಿ, ಶೀಟಿನ ಮೇಲೆ ಮಳೆ ಹೊಡೆಯುವಾಗ ನುಡಿಸಿ ನೋಡಿದವರಿಗೆ ಈ ವಾದ್ಯದ ಬೆಲೆ ಗೊತ್ತಾಗುತ್ತದೆ.

ಕೋನು ಒಡಲಿನಲ್ಲಿ ಕೂತ ಮೇಲೆ ಕುದುರೆಯ ಜಾಗ ಬದಲಿಸಲು ಬರುವುದಿಲ್ಲ. ತಂತಿಯ ಉದ್ದ ಕಡಿಮೆ ಮಾಡಬೇಕಾದರೆ ಕತ್ತಿನ ತುದಿಯನ್ನೇ ಒಳಕ್ಕೆ ತರಬೇಕು. ಮೊದಲಿದ್ದ ಕತ್ತು ಹದಿನಾಲ್ಕನೇ ಫ್ರೆಟ್ಟಿನಲ್ಲಿ (ಸ್ವರದ ಜಾಗ ತೋರುವ ಅಡ್ಡ ಲೋಹದ ಪಟ್ಟಿ) ಒಡಲನ್ನು ಸೇರುತ್ತಿತ್ತು. ಅದರಲ್ಲಿ ಎರಡು ಫ್ರೆಟ್ಟು ಕಳೆದರೆ ತಂತಿಯ ಉದ್ದ ಸುಮಾರು ಇಪ್ಪತ್ತೆರಡೂಕಾಲು ಇಂಚಿಗೆ ಬರುತ್ತದೆ, ಹನ್ನೆರಡನೇ ಫ್ರೆಟ್ಟಿನ ಜಾಗ ಸರಿಯಾಗಿ ಒಡಲಿನ ಅಂಚಿಗೆ ಬೀಳುತ್ತದೆ. ಮೇಲಿನ ಷಡ್ಜ ಎಲ್ಲಿದೆ ಎಂದು ಹುಡುಕುವ ಕೆಲಸವೇ ಇಲ್ಲ. ಇನ್ನೊಂದು ಲಾಭ, ಜಿ ಶ್ರುತಿಯ ಮಾಮೂಲಿ ತಂತಿ ಸೆಟ್ಟನ್ನೇ ಇದಕ್ಕೆ ಹಾಕಿ ಎ ಶ್ರುತಿಗೆ ಏರಿಸಿದರೆ ಬಿಗಿ ಹಳೆಯ 25 ಇಂಚಿನಲ್ಲಿ ಇದ್ದಷ್ಟೇ ಇರುತ್ತದೆ.

ಕತ್ತಿಗೆ ಹಲಸಿನ ಮರ ಆರಿಸಿದೆ, ವೀಣೆಗೆ ಬಳಸುವುದೂ ಅದನ್ನೇ. ಅಡುಗೆಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಹೊಗೆ ಕುಡಿದು ಒಣಗಿದ ತುಂಡು ಅದು. ನಮ್ಮೂರಿನ ತೇವಕ್ಕೆ ಹಸಿ ಮರ ನಂಬುವಂತಿಲ್ಲ. ಕೆಲಸ ಹಿಡಿದದ್ದೂ ಕಾಫಿ ಕೊಯ್ಲು ಮುಗಿದ ಮೇಲೆ, ಗಾಳಿ ಒಣಗಿದ್ದಾಗ. ತಂತಿಯನ್ನು ಒತ್ತಿ ಹಿಡಿಯುವ ಗಿಟಾರಿನಂತೆ ಹಿಂಭಾಗ ದುಂಡಗೆ ಕೆತ್ತುವುದು ಬೇಡ, ಚೌಕಾಕಾರವೇ ಇರಲಿ ಅಂದೆ. ಆಚಾರ್ರು ಪಟ್ಟಿ ಹಿಡಿದು ನೋಡಿ, "ಫ್ರೆಟ್ಟೂ ಬೇಡ ಅಂತೀರಿ. ಮತ್ತೆ ಬೆರಳು ಎಲ್ಲಿ ಒತ್ತೋದು?" ಅಂತ ಕೇಳಿದರು. ಒತ್ತುವುದೇ ಇಲ್ಲ ಆಚಾರ್ರೇ, ಉಕ್ಕಿನ ಸರಳು ತಂತಿಯ ಮೇಲೆ ಜಾರುತ್ತದೆ ಎಂದು ನುಡಿಸಿ ತೋರಿಸಿದ ಮೇಲೆ ಅವರಿಗೂ ಹುರುಪು ಬಂತು.

ಫ್ರೆಟ್ಟಿನ ಬದಲು ಬರೀ ಗೆರೆ. ಗರಗಸದಿಂದ ತೆಳುವಾಗಿ ಗೀರಿ ಬಿಳಿ ಪ್ಲಾಸ್ಟಿಕ್ ಪಟ್ಟಿ ಕೂರಿಸಿದೆವು. ಲೆಕ್ಕ ಸುಲಭ: ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಬೇಕು. ಮೊದಲ ಗೆರೆ ತುದಿಯಿಂದ ಒಂದೂಕಾಲು ಇಂಚಿಗೆ ಬಂತು. ಗುರುತು ಹಾಕುವಾಗ ಮಾತ್ರ ಪ್ರತಿಯೊಂದನ್ನೂ ತುದಿಯಿಂದಲೇ ಅಳೆಯಬೇಕು. ಗೆರೆಯಿಂದ ಗೆರೆಗೆ ಅಳೆದರೆ ಕೂದಲೆಳೆಯ ವ್ಯತ್ಯಾಸಗಳು ಸೇರಿ ಮೇಲಿನ ಸ್ಥಾಯಿ ತಪ್ಪುತ್ತದೆ. ತುದಿಗೆ ಹಿತ್ತಾಳೆಯ ಪಟ್ಟಿ ನಿಲ್ಲಿಸಿ ತಂತಿಯನ್ನು ಸುಮಾರು ಹತ್ತು ಮಿಲಿಮೀಟರ್ ಎತ್ತಿದೆ, ಸರಳು ಮರಕ್ಕೆ ತಾಗಬಾರದಲ್ಲ. ಕತ್ತನ್ನು ಅಂಟಿಸಲಿಲ್ಲ. ಎರಡು ಬೋಲ್ಟಿನಲ್ಲಿ ಬಿಗಿದೆ. ತಂತಿ ಕುದುರೆಯನ್ನು ಒತ್ತುವ ಕೋನ ಬದಲಿಸಬೇಕೆಂದರೆ ಸಂದಿಯಲ್ಲಿ ತೆಳು ಮರದ ಚಕ್ಕೆ ಇಟ್ಟರಾಯಿತು.

ನುಡಿಸುವಾಗ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ತುದಿಯಿಂದ ಮೊದಲ ಗೆರೆಗೆ ಇರುವ ಅಂತರ 35.6 ಮಿಲಿಮೀಟರಿನಿಂದ 31.8ಕ್ಕೆ ಇಳಿದಿದೆ. ಸರಳನ್ನು ಓರೆಯಾಗಿ ಹಿಡಿದು ಎರಡು ತಂತಿಯಲ್ಲಿ ಬೇರೆ ಬೇರೆ ಗೆರೆ ಮುಟ್ಟುವುದು ಸಲೀಸಾಗಿದೆ. ಅದೇ ಕಾರಣಕ್ಕೆ ಮೇಲೆ ಹೋದಂತೆ ಕಿವಿ ಚುರುಕಾಗಿರಬೇಕು. ಸರಳು ಗೆರೆಯ ಮೇಲೆಯೇ ನಿಲ್ಲಬೇಕು, ಗೆರೆಯ ಹಿಂದೆ ಅಲ್ಲ. ಮೋಹನ, ಶಂಕರಾಭರಣಕ್ಕೆ ಬಿಡಿ ತಂತಿಯ ಅಂತರ ಗಾಂಧಾರ ಸೊಗಸಾಗಿ ಕೂಡುತ್ತದೆ. ಆಭೇರಿಗೆ ಕೂಡುವುದಿಲ್ಲ, ಎರಡೂ ಗಾಂಧಾರ ತಂತಿಗಳನ್ನು ಅರ್ಧ ಮನೆ ಇಳಿಸಿಕೊಳ್ಳುತ್ತೇನೆ.

ಇದೇ ಗಿಟಾರನ್ನು ಐದು ಮನೆಗೆ ಇಟ್ಟುಕೊಳ್ಳುವವರು ಮಾಮೂಲಿ ಸೆಟ್ಟು ಹಾಕಬೇಡಿ. ಬಿಗಿ ಐದರಲ್ಲೊಂದು ಭಾಗ ಕಡಿಮೆಯಾಗಿ ಸರಳಿನ ಕೆಳಗೆ ತಂತಿ ಜೋಲುತ್ತದೆ, ಕೋನೂ ಬಾಯಿ ಬಿಡುವುದಿಲ್ಲ. ದಪ್ಪವನ್ನು ಇಂಚಿನ ಸಾವಿರದೊಂದು ಭಾಗದಲ್ಲಿ ಹೇಳುವ ಲೆಕ್ಕದಲ್ಲಿ 16ರ ಬದಲು 18, 18ರ ಬದಲು 20, ಹೀಗೆ ದಪ್ಪ ತಂತಿಗಳನ್ನು ಬಿಡಿಯಾಗಿ ಕೊಳ್ಳಿ.

ಮಳೆಗಾಲದಲ್ಲಿ ಎಲ್ಲಿಂದಲೋ ಜಿರ್ ಎಂಬ ಸದ್ದು ಬಂದರೆ ಮೊದಲು ಕೋನಿನ ಮೇಲಿನ ಮುಚ್ಚಳದ ಸ್ಕ್ರೂಗಳನ್ನು ನೋಡುತ್ತೇನೆ. ಆಮೇಲೆ ಮುಚ್ಚಳದ ಮೇಲೆ ಅಲ್ಲಲ್ಲಿ ಬೆರಳಿಟ್ಟು ಒತ್ತುತ್ತೇನೆ, ಒತ್ತಿದ ಕಡೆ ಸದ್ದು ನಿಂತರೆ ದೋಷ ಅಲ್ಲೇ. ಕೋನು ಕೂರುವ ಮರದ ಅಂಚು ತೇವಕ್ಕೆ ಉಬ್ಬಿದರೂ ಹೀಗಾಗುತ್ತದೆ. ಬಿಚ್ಚುವ ಮುಂಚೆ ತಂತಿ ಸಡಿಲಿಸಬೇಕು. ಚೌಕಟ್ಟಿನ ನಡುವಿನ ಸ್ಕ್ರೂವನ್ನು ಹೆಚ್ಚು ಬಿಗಿಯಬಾರದು, ಕೋನು ಸೊಟ್ಟಗಾದರೆ ಮತ್ತೆ ನೆಟ್ಟಗಾಗದು.