ಮೂರು ಸಲ ಕೇಳೋಕೆ ಇಲ್ಲಿ ಯಾರೂ ಬರಲ್ಲ

ಸಿಡ್ನಿಗೆ ಬಂದು ಎರಡು ವರ್ಷ ಆಗಿತ್ತು. ಮನೆ ಹತ್ತಿರದ ಹಳ್ಳದ ದಂಡೆಯಲ್ಲಿ ಕಳೆ ಕಿತ್ತು ಈ ನೆಲದ್ದೇ ಆದ ಗಿಡ ಬೆಳೆಸುವ ಗುಂಪೊಂದಕ್ಕೆ ಸೇರಿಕೊಂಡಿದ್ದೆ. ತಿಂಗಳಿಗೊಂದು ಭಾನುವಾರ, ಮೂರು ಗಂಟೆ ಕೆಲಸ. ಆ ವರ್ಷದ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷೆ ನನ್ನ ಕಡೆ ತಿರುಗಿ, ಕಾರ್ಯದರ್ಶಿ ಆಗ್ತೀರಾ ಅಂತ ಕೇಳಿದರು. ನನಗೆ ಆಸೆ ಇತ್ತು. ಜಾಸ್ತಿನೇ ಇತ್ತು. ಆದರೂ ಬಾಯಿಂದ ಬಂದಿದ್ದು, "ಅಯ್ಯೋ, ನನಗೇನು ಗೊತ್ತು, ಅನುಭವ ಇರೋರನ್ನ ಕೇಳಿ."

"ನೋ ವರೀಸ್" ಅಂದರು. ಪಕ್ಕದವರನ್ನು ಕೇಳಿದರು. ಅವರು ಹೂಂ ಅಂದರು. ಮುಗೀತು.

ನಮ್ಮಲ್ಲಿ ಮೊದಲನೇ "ಬೇಡ" ಮರ್ಯಾದೆಗೆ, ಎರಡನೇದು ಸಂಕೋಚಕ್ಕೆ. ಮೂರನೇ ಸಲ ಕೇಳಿದಾಗ "ನೀವೆಲ್ಲ ಇಷ್ಟು ಹೇಳ್ತಿದ್ದೀರಿ ಅಂದ್ಮೇಲೆ..." ಅಂತ ಎದ್ದು ನಿಲ್ಲೋದು. ಇಲ್ಲಿ ಮೊದಲನೇದೇ ಕೊನೇದು. ಬೇಡ ಅಂದವರನ್ನು ಮತ್ತೆ ಕೇಳಿದರೆ ಅದು ಒತ್ತಾಯ, ಕೆಟ್ಟ ನಡವಳಿಕೆ. ನಾನು ಮಾತ್ರ ಒಂದು ವಾರ ಫೋನ್ ನೋಡ್ಕೊಂಡು ಕೂತಿದ್ದೆ. "ಬೇಡ ಅಂದಿದ್ದು ನೀವೇ ಅಲ್ವಾ?" ಅಂದಳು ಹೆಂಡತಿ. ಅದಕ್ಕೆ ಉತ್ತರ ಇರಲಿಲ್ಲ.

ಹಾಗಾಗಿ ಹೊಸಬರಿಗೆ ಮೊದಲ ಮಾತು: ಆಸೆ ಇದ್ದರೆ ಕೈ ಎತ್ತಿ. ನೀವಾಗಿ ಕೈ ಎತ್ತಿದರೆ ಇಲ್ಲಿ ಯಾರೂ ದುರಾಸೆ ಅಂದುಕೊಳ್ಳಲ್ಲ. ನಿಜ ಹೇಳಬೇಕಂದ್ರೆ, ಎಷ್ಟೋ ಗುಂಪುಗಳಲ್ಲಿ ಆ ಜಾಗಕ್ಕೆ ಬೇರೆ ಯಾರೂ ಇರೋದಿಲ್ಲ. ಹದಿನೈದು ವರ್ಷದಿಂದ ಒಬ್ಬರೇ ಖಜಾಂಚಿ, ಬಿಟ್ಟರೆ ಸಾಕು ಅಂತ ಕಾಯ್ತಿರುತ್ತಾರೆ.

ಮರುವರ್ಷ ಕೈ ಎತ್ತಿದೆ. ಕಾರ್ಯದರ್ಶಿ ಜಾಗ ಖಾಲಿ ಇರಲಿಲ್ಲ, ಅಧ್ಯಕ್ಷರದ್ದೇ ಖಾಲಿ ಇತ್ತು. ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು, ಎರಡು ನಿಮಿಷದಲ್ಲಿ ನಾನು ಅಧ್ಯಕ್ಷ. ಹಾರ ಇಲ್ಲ, ಭಾಷಣ ಇಲ್ಲ. ಎಪ್ಪತ್ತು ದಾಟಿದ ಹಳೇ ಅಧ್ಯಕ್ಷೆ ಶೆಡ್‌ನ ಬೀಗದ ಕೈ ನನ್ನ ಕೈಗೆ ಹಾಕಿ, ಕುರ್ಚಿ ಮಡಚೋಕೆ ಶುರು ಮಾಡಿದರು. ನಾನೂ ಮಡಚಿದೆ. ಕುರ್ಚಿ ಸಿಕ್ಕಿದ್ದು ಸುಳ್ಳಲ್ಲ, ಒಟ್ಟು 22 ಸಿಕ್ಕವು. ಅವರನ್ನು ಹೆಸರು ಹಿಡಿದು ಕರೆಯೋಕೆ ನನಗೆ ಇನ್ನೂ ಆರು ತಿಂಗಳು ಬೇಕಾಯಿತು. ಅಲ್ಲಿವರೆಗೆ "ಎಕ್ಸ್‌ಕ್ಯೂಸ್ ಮಿ" ಅಂತಲೇ ಕಾಲ ಹಾಕಿದೆ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡ್ತೀನಿ. ನಗರಸಭೆಯೇ ನಡೆಸುವ ಬುಷ್‌ಕೇರ್ (ಕಾಡು ನೋಡಿಕೊಳ್ಳುವ ಸ್ವಯಂಸೇವಕರ) ಗುಂಪಾದರೆ ಸಲಕರಣೆ, ತರಬೇತಿ, ವಿಮೆ ಸಾಮಾನ್ಯವಾಗಿ ಅವರದ್ದೇ. ಗುಂಪು ಸ್ವತಃ ನೋಂದಣಿ ಆದ ಸಂಘವಾದರೆ ವಿಮೆ, ಲೆಕ್ಕ, ಸಭೆಯ ಟಿಪ್ಪಣಿ ಎಲ್ಲ ನಿಮ್ಮ ತಲೆಮೇಲೆ. ಹಣಕಾಸು ವರ್ಷ ಮುಗಿದ 6 ತಿಂಗಳೊಳಗೆ ವಾರ್ಷಿಕ ಸಭೆ ಮಾಡಬೇಕು. ಮಕ್ಕಳ ಜೊತೆಗಿನ ಕೆಲಸಕ್ಕೆ ಬೇಕಾಗುವ ಹಿನ್ನೆಲೆ ತಪಾಸಣೆ ನಮ್ಮ ರಾಜ್ಯ ನ್ಯೂ ಸೌತ್ ವೇಲ್ಸ್‌ನಲ್ಲಿ ಸ್ವಯಂಸೇವಕರಿಗೆ ಉಚಿತ, ಮೊದಲೇ ಮಾಡಿಸಿಕೊಳ್ಳಿ. ಅಷ್ಟೇ.

ಈಗ ನನ್ನ ದೊಡ್ಡ ತಪ್ಪಿಗೆ ಬರ್ತೀನಿ.

ಆ ಇಳಿಜಾರಿನಲ್ಲಿ ನನಗೆ ಹೆಸರು ಗೊತ್ತಿದ್ದ ಗಿಡ ಒಂದೇ ಒಂದು. ಲಂಟಾನ. ಚೌಕಾಕಾರದ ಕಾಂಡ, ಸಣ್ಣ ಬಾಗಿದ ಮುಳ್ಳು, ಹಳದಿ ಗುಲಾಬಿ ಬೆರೆತ ಹೂಗೊಂಚಲು. ಎಲೆ ಉಜ್ಜಿದರೆ ಅದೇ ಘಾಟು. ಮೊದಲ ದಿನ ಆ ವಾಸನೆ ಮೂಗಿಗೆ ಬಡಿದಾಗ ಶಾಲೆಯಿಂದ ಬರುವ ದಾರಿಯ ಬೇಲಿ ನೆನಪಾಗಿ ಒಂದು ನಿಮಿಷ ಸುಮ್ನೆ ನಿಂತಿದ್ದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಗಿಡ ಇದು. ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆ ಅಂತ ಅಲ್ಲಿಗೂ ಬಂತು, ಇಲ್ಲಿಗೂ ಬಂತು. ಬಂಡೀಪುರದ ಕಾಡನ್ನು ತಿಂದ ಹಾಗೇ ಇಲ್ಲಿನ ಕಾಡನ್ನೂ ತಿಂತಿದೆ. ಇಡೀ ದೇಶಕ್ಕೆ ದೊಡ್ಡ ತಲೆನೋವಾದ ಕಳೆಗಳ ಸರ್ಕಾರಿ ಪಟ್ಟಿಯಲ್ಲಿ ಇದರ ಹೆಸರಿದೆ. ಅಂದರೆ ನನಗೆ ಪರಿಚಯ ಇದ್ದ ಒಂದೇ ಮುಖವನ್ನು ಕಡಿಯೋ ಕೆಲಸ.

ಕಡಿದೆ. ಅಧ್ಯಕ್ಷನಾದ ಹುರುಪು ಬೇರೆ. ಕನ್ನಡದವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ, ಮಕ್ಕಳೂ ಸೇರಿ ಸುಮಾರು 40 ಜನ ಬಂದರು. ಮಧ್ಯಾಹ್ನದ ಹೊತ್ತಿಗೆ ಎರಡು ಬಸ್ ನಿಲ್ಲಿಸುವಷ್ಟು ಜಾಗ ಬೋಳಾಗಿತ್ತು. ಚಪ್ಪಾಳೆ, ಫೋಟೊ. ಹಳೇ ಸದಸ್ಯರೊಬ್ಬರು ಬಂದು ನೋಡಿ, "ತುಂಬಾನೇ ತೆಗೆದಿದ್ದೀರಿ" ಅಂದರು. ನಾನು ಹೊಗಳಿಕೆ ಅಂದುಕೊಂಡು ಥ್ಯಾಂಕ್ಸ್ ಅಂದೆ. ಇಲ್ಲಿಯವರು ಬೈಯೋದು ಹೀಗೇ. ದನಿ ಏರಲ್ಲ, ಮುಖ ಬದಲಾಗಲ್ಲ. ಕಿವಿ ತಯಾರಾಗೋಕೆ ವರ್ಷಗಳು ಹಿಡಿಯುತ್ತವೆ.

ಎರಡು ವಾರಕ್ಕೆ ಮಳೆ ಬಂತು. ಮಣ್ಣು ಜಾರಿ ಹಳ್ಳಕ್ಕೆ ಹೋಯಿತು. ಉಳಿದ ಮಣ್ಣಿನಲ್ಲಿ ಲಂಟಾನ, ಪ್ರಿವೆಟ್ ಅನ್ನೋ ಇನ್ನೊಂದು ಕಳೆ, ಎರಡರ ಸಸಿಗಳೂ ಯಾರೋ ಮಡಿ ಮಾಡಿ ಬಿತ್ತಿದ ಹಾಗೆ ಎದ್ದವು. ಅದಕ್ಕಿಂತ ನೋವಾಗಿದ್ದು ಹಕ್ಕಿಗಳದ್ದು. ಬಾಲ ಮೇಲೆತ್ತಿ ಪುಟಪುಟ ಓಡಾಡುವ ಫೇರಿರೆನ್‌ಗಳು, ಗಂಡಿಗೆ ಮಿರುಗುವ ನೀಲಿ ತಲೆ, ಆ ಮುಳ್ಳಿನ ಪೊದೆಯಲ್ಲೇ ಅಡಗಿ ಬದುಕಿದ್ದವು. ಬೇರೆ ಪೊದೆ ಎದ್ದಿರಲಿಲ್ಲ. ಅವು ಹೋದವು.

ಆಮೇಲೆ ಆ ಹಳೇ ಸದಸ್ಯರೇ ನನ್ನನ್ನು ಪಕ್ಕ ಕೂರಿಸಿಕೊಂಡು ಹೇಳಿದರು. ಸಿಡ್ನಿಯ ಮಾಸ್‌ಮನ್‌ನಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಅಂತ ಅಕ್ಕತಂಗಿಯರಿದ್ದರು. 1960ರ ದಶಕದಲ್ಲಿ ಕಾಡಿನಲ್ಲಿ ನಡೆದಾಡುತ್ತಾ ಕೈಯಲ್ಲೇ ಕಳೆ ಕೀಳುತ್ತಾ ಅವರು ಕಂಡುಕೊಂಡ ದಾರಿಯನ್ನೇ ಇಲ್ಲಿನ ಗುಂಪುಗಳು ಇವತ್ತಿಗೂ ಹಿಡಿಯುತ್ತವೆ. ಚೆನ್ನಾಗಿರುವ ಕಡೆಯಿಂದ ಶುರುಮಾಡಿ ಕೆಟ್ಟ ಕಡೆಗೆ ಹೋಗಬೇಕು. ಮಣ್ಣು ಆದಷ್ಟು ಕಡಿಮೆ ಕೆದಕಬೇಕು. ಕಿತ್ತ ಜಾಗ ಕಾಡಿನ ಗಿಡ ತಾನಾಗಿ ತುಂಬಿಕೊಂಡ ಮೇಲೆ ಮುಂದಿನ ಹೆಜ್ಜೆ. ನಾನು ಮಾಡಿದ್ದು ಮೂರಕ್ಕೂ ತದ್ವಿರುದ್ಧ. ಅಧ್ಯಕ್ಷನ ಕೆಲಸ ಜನ ಸೇರಿಸೋದು ಅಂದುಕೊಂಡಿದ್ದೆ. ಸೇರಿದ ಜನರನ್ನು ಹಿಡಿದು ನಿಲ್ಲಿಸೋದೇ ಜಾಸ್ತಿ.

ನಮಗೆ ತಕ್ಷಣ ಒಗ್ಗುವ ನಿಯಮವೂ ಒಂದಿದೆ. ಕಾಡಿಗೆ ಇಳಿಯುವ ಮೊದಲು ಬೂಟಿನ ಅಡಿಯ ಮಣ್ಣು ಉಜ್ಜಿ ತೆಗೆದು ಸ್ಪಿರಿಟ್ ಹೊಡೆಯಬೇಕು. ಬೇರು ಕೊಳೆಸುವ ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಣ್ಣಿನ ಜೊತೆ ಹೋಗದಿರಲಿ ಅಂತ. ಅಡಿಕೆಯ ಕೊಳೆರೋಗಕ್ಕೆ ಕಾರಣವೂ ಇದೇ ಕುಲದ್ದು, ತೋಟದ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸಲಲ್ಲಿ ಚಪ್ಪಲಿ ಬಿಡೋ ಜನ ನಾವು, ಇದನ್ನು ಒಂದು ದಿನಾನೂ ಮರೆತಿಲ್ಲ.

ಮಾತು ಎಲ್ಲೋ ಹೋಯಿತು. ಸಭೆ ಶುರು ಮಾಡುವಾಗ ಈ ನೆಲದ ಮೂಲ ಜನರನ್ನು ನೆನೆಯೋದು ಇಲ್ಲಿನ ರೂಢಿ. ನಮ್ಮ ಕಡೆ ಅದು ಧಾರುಗ್ ಜನರ ನೆಲ. ಅಧ್ಯಕ್ಷನಾಗಿ ಆ ಸಾಲನ್ನು ಮೊದಲ ಸಲ ಚೀಟಿ ನೋಡಿ ಓದಿದೆ. ಅದಾದ ತಕ್ಷಣದ ವಿಷಯ, ಹೊರಗಿನಿಂದ ಬಂದು ಹರಡುವ ಜಾತಿಗಳನ್ನು ತೆಗೆಯೋದು ಹೇಗೆ ಅನ್ನೋದು. ಗಿಡದ ಮಾತೇ, ಗೊತ್ತು. ಆದರೂ ಕಿವಿ ಬಿಸಿಯಾಯಿತು. ಸುತ್ತ ನೋಡಿದೆ. ಅಲ್ಲಿದ್ದ ಯಾರೂ ಧಾರುಗ್ ಅಲ್ಲ.

ಮಗಳಿಗೆ ಈ ಯಾವ ಇರುಸುಮುರುಸೂ ಇಲ್ಲ. ಇಲ್ಲಿನ ಗಿಡಗಳಿಗೆ ಬೆರಳು ಮಾಡಿ ಲೊಮಾಂಡ್ರ, ಬ್ಯಾಂಕ್ಸಿಯ ಅಂತ ಹೇಳ್ತಾಳೆ. "ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಪ್ಪ?" ಅಂತ ಕೇಳಿದಾಗ, ಇದಕ್ಕೆ ಕನ್ನಡದ ಹೆಸರಿಲ್ಲ ಪುಟ್ಟ ಅಂದೆ. "ಹಾಗಾದ್ರೆ ಅಲ್ಲಿನ ಮರದ ಹೆಸರು ಹೇಳು" ಅಂದಳು. ನಾನು ಹುಟ್ಟಿ ಬೆಳೆದ ಬೀದಿಯ ಮರಗಳು ಕಣ್ಣ ಮುಂದೆ ಬಂದವು. ನಾಲ್ಕಕ್ಕೆ ಹೆಸರು ಹೇಳಿದೆ. ಉಳಿದವಕ್ಕೆ "ದೊಡ್ಡ ಮರ" ಅಂದೆ. ಇಲ್ಲಿನ ಹಳ್ಳದ ಐವತ್ತು ಗಿಡ ಬಲ್ಲೆ. ಅಲ್ಲಿದ್ದಾಗ ತಲೆ ಎತ್ತಿಯೂ ನೋಡಿರಲಿಲ್ಲ.

ಕಡಿದ ಇಳಿಜಾರು ಸರಿಹೋಗೋಕೆ ನಾಲ್ಕು ವರ್ಷ ಹಿಡಿಯಿತು. ಒಂದು ಕಡೆ ಲಂಟಾನ ಈಗಲೂ ಹಾಗೇ ಬಿಟ್ಟಿದ್ದೇವೆ, ಹಕ್ಕಿಗಳಿಗೆ.

ಹೋದ ತಿಂಗಳು ವಾರ್ಷಿಕ ಸಭೆ ಇತ್ತು. ಖಜಾಂಚಿ ಜಾಗ ಖಾಲಿ. ಹೋದ ವರ್ಷವಷ್ಟೇ ಬಂದ ನಮ್ಮವರೊಬ್ಬರು ಹಿಂದಿನ ಸಾಲಿನಲ್ಲಿದ್ದರು. ಬ್ಯಾಂಕಿನಲ್ಲಿ ಕೆಲಸ. ಕೇಳಿದೆ. "ಅಯ್ಯೋ ಬೇಡ ಸರ್, ನನಗೆಲ್ಲಿ ಬರುತ್ತೆ" ಅಂದರು. ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಎರಡನೇ ಸಲ ಕೇಳಿದೆ. ಇನ್ನೂ ಬೇಡ ಅಂದರು. ಕಾರ್ಯದರ್ಶಿ ಪೆನ್ನು ಹಿಡಿದು, ಒಪ್ಪಿದರೋ ಇಲ್ಲವೋ ಏನಂತ ಬರೀಲಿ ಅಂತ ನನ್ನ ಮುಖ ನೋಡಿದರು. ಒಂದು ನಿಮಿಷ ತಡೀರಿ, ಇನ್ನೊಂದು ಬಾಕಿ ಇದೆ ಅಂದೆ.