ದೇಶ ಕಾರ್ಖಾನೆ ಬಿಟ್ಟು ಸೇವೆಗಳತ್ತ ಹೊರಳಿದೆಯಾ? ಅಂಕಿ ಓದುವುದು ಹೀಗೆ

‘ಸೇವಾ ವಲಯದ ಪಾಲು ಅರ್ಧ ದಾಟಿತು’ ಅಂತ ಸುದ್ದಿ ಬಂದರೆ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಕೆಲವರು ಕೈಗಾರಿಕೆ ಮುಗಿದೇ ಹೋಯಿತು ಅಂತ ಗೋಳಾಡುತ್ತಾರೆ. ನಾನು ಎರಡನ್ನೂ ಮಾಡುವುದಿಲ್ಲ. ಕಾರ್ಖಾನೆಯೊಂದರ ಸಂಬಳ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಇಂಥ ಶೇಕಡಾವಾರು ಹುಟ್ಟುವ ಜಾಗ ನನಗೆ ಗೊತ್ತು.

ಮೊದಲು ಕೇಳಬೇಕಾದದ್ದು, ಇದು ಯಾವುದರ ಪಾಲು? ಆದಾಯದ್ದೋ, ಉದ್ಯೋಗದ್ದೋ? ಅಮೆರಿಕವನ್ನೇ ನೋಡಿ. ಅಲ್ಲಿ ಕಾರ್ಖಾನೆ ನೌಕರರ ಸಂಖ್ಯೆ 1979ರಲ್ಲಿ ತುತ್ತತುದಿಗೆ ಹೋಗಿತ್ತು, ಸುಮಾರು 1.95 ಕೋಟಿ. ಈಗ 1.3 ಕೋಟಿಯ ಆಸುಪಾಸು. ಆದರೆ ಅಲ್ಲಿ ತಯಾರಾಗುವ ಸರಕು ಆಗಿನದಕ್ಕಿಂತ ಜಾಸ್ತಿಯೇ ಇದೆ. ಹಾಗಾಗಿ ಬೆಲೆಯೇರಿಕೆ ಕಳೆದ ಉತ್ಪಾದನೆಯ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಜನ ಕಮ್ಮಿಯಾಗಿ ಸರಕು ಹೆಚ್ಚಿದ್ದರೆ ಬಹುಪಾಲು ಅದು ಯಂತ್ರದ ಕೆಲಸ. ಎರಡೂ ಇಳಿದಿದ್ದರೆ ಕಾರ್ಖಾನೆ ನಿಜಕ್ಕೂ ಹೋಗಿದೆ.

ಇನ್ನೊಂದು ಎಚ್ಚರಿಕೆ. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ‘ಇಂಡಸ್ಟ್ರಿ’ ಅಂದರೆ ಕಾರ್ಖಾನೆ ಮಾತ್ರ ಅಲ್ಲ. ಗಣಿ, ತೈಲ, ವಿದ್ಯುತ್, ಕಟ್ಟಡ ಕಾಮಗಾರಿ ಎಲ್ಲ ಅದರಲ್ಲೇ ಸೇರಿವೆ. ಆ ಸಾಲನ್ನು ನಂಬಿದರೆ ಕುವೈತ್ ದೊಡ್ಡ ಕೈಗಾರಿಕಾ ದೇಶದ ಹಾಗೆ ಕಾಣುತ್ತದೆ. ‘ಮ್ಯಾನುಫ್ಯಾಕ್ಚರಿಂಗ್’ ಅಂತ ಬೇರೆ ಸಾಲಿದೆ, ಅದನ್ನು ತೆಗೆದುಕೊಳ್ಳಿ.

ಈಗ ನನ್ನ ಹಳೆಯ ಮೇಜಿನ ವಿಷಯ. ಮೊದಲು ಕ್ಯಾಂಟೀನಿನ ಅಡುಗೆಯವರು, ಗೇಟಿನ ಕಾವಲುಗಾರರು, ನೆಲ ಗುಡಿಸುವವರು ಎಲ್ಲರೂ ನಮ್ಮ ಹಾಜರಿ ಪುಸ್ತಕದಲ್ಲೇ ಇದ್ದರು. ಸರ್ಕಾರಕ್ಕೆ ಹೋಗುವ ಲೆಕ್ಕದಲ್ಲಿ ಅವರೂ ಕಾರ್ಖಾನೆ ನೌಕರರೇ. ಆಮೇಲೆ ಒಂದೊಂದೇ ವಿಭಾಗ ಗುತ್ತಿಗೆಗೆ ಹೋಯಿತು. ಹೆಸರುಗಳ ಮೇಲೆ ಕೆಂಪು ಗೆರೆ ಬಿತ್ತು. ಮಾರನೇ ದಿನ ಅದೇ ಜನ, ಅದೇ ಸೌಟು, ಅದೇ ಪೊರಕೆ. ವಿಶ್ವಸಂಸ್ಥೆಯ ಕೈಗಾರಿಕಾ ವರ್ಗೀಕರಣ ಐಎಸ್‌ಐಸಿ ಪ್ರಕಾರ ಊಟೋಪಚಾರದ ಸಂಕೇತ ಸಂಖ್ಯೆ 56, ಕಾವಲು 80, ಸ್ವಚ್ಛತೆ 81. ಎಲ್ಲವೂ ಸೇವೆ! ಕೊನೆಗೆ ಲೇತ್ ಯಂತ್ರಕ್ಕೂ ಕೆಲಸಗಾರರನ್ನು ಒದಗಿಸುವ ಏಜೆನ್ಸಿಯ ಹುಡುಗರು ಬಂದರು. ಏಜೆನ್ಸಿಗಳ ಸಂಖ್ಯೆ 78. ಕಬ್ಬಿಣ ಕೊರೆಯುತ್ತಾ ನಿಂತವನೂ ಕಂಪನಿಗಳಿಂದ ಪಡೆದ ಲೆಕ್ಕದಲ್ಲಿ ಸೇವಾ ವಲಯದವನಾಗುತ್ತಾನೆ, ನಗು ಬರುತ್ತದೆ ಅಲ್ವಾ? ಆದ್ದರಿಂದ ಸೇವೆಯ ಉದ್ಯೋಗ ಏರಿದೆ ಅಂದಾಗ 78, 80, 81ರ ಸಾಲುಗಳನ್ನು ಬಿಡಿಸಿ ನೋಡಿ. ಏರಿಕೆ ಅಲ್ಲೇ ಕೂತಿದ್ದರೆ ಅದರಲ್ಲಿ ಸ್ವಲ್ಪ ಭಾಗ ಕಳೆದು ನೋಡಿ. ಎಷ್ಟು ಅಂತ ಕರಾರುವಾಕ್ಕಾಗಿ ಹೇಳುವುದು ಕಷ್ಟ, ಆದರೆ ಸೊನ್ನೆಯಂತೂ ಅಲ್ಲ.

ಕೆಲಸ ಕಳೆದುಕೊಂಡವರು ಎಲ್ಲಿ ಹೋದರು ಅನ್ನುವುದು ಮುಂದಿನ ಪ್ರಶ್ನೆ. ಇಲ್ಲಿ ನಿರುದ್ಯೋಗದ ಪ್ರಮಾಣವೊಂದನ್ನೇ ನೋಡಬೇಡಿ. ಬ್ರಿಟನ್ನಿನಲ್ಲಿ 1984-85ರ ಮುಷ್ಕರದ ಹೊತ್ತಿಗೆ ಸುಮಾರು 170 ಕಲ್ಲಿದ್ದಲು ಗಣಿಗಳಿದ್ದವು. ಹತ್ತು ವರ್ಷದೊಳಗೆ ಬಹುಪಾಲು ಮುಚ್ಚಿದವು. ಆ ಊರುಗಳಲ್ಲಿ ನಿರುದ್ಯೋಗದ ಅಂಕಿ ನಿರೀಕ್ಷಿಸಿದಷ್ಟು ಏರಲಿಲ್ಲ, ಏಕೆಂದರೆ ಬಹಳಷ್ಟು ಗಂಡಸರು ಅನಾರೋಗ್ಯದ ಭತ್ಯೆಗೆ ಸೇರಿಕೊಂಡರು. ಕೆಲಸ ಹುಡುಕದವನನ್ನು ನಿರುದ್ಯೋಗಿ ಅಂತ ಎಣಿಸುವುದಿಲ್ಲವಲ್ಲ. ದುಡಿಯುವ ವಯಸ್ಸಿನವರಲ್ಲಿ ಕೆಲಸವನ್ನೂ ಮಾಡದೆ, ಹುಡುಕುವುದನ್ನೂ ಬಿಟ್ಟವರು ಎಷ್ಟು, ಆ ಅಂಕಿ ಹುಡುಕಿ. ಜಿಲ್ಲಾವಾರು ಸಿಕ್ಕರೆ ಇನ್ನೂ ಒಳ್ಳೆಯದು. 1986ರಲ್ಲಿ ಲಂಡನ್ ಷೇರುಪೇಟೆಯ ನಿಯಮ ಸಡಿಲಿಸಿದ ಮೇಲೆ ಅಲ್ಲಿ ಹಣ ಹರಿಯಿತು. ದೇಶದ ಸರಾಸರಿಯಲ್ಲಿ ಲಂಡನ್ನೂ ಗಣಿಯೂರೂ ಕಲಸಿಹೋಗುತ್ತವೆ.

ಜರ್ಮನಿಯ ರೂರ್ ಕಲ್ಲಿದ್ದಲು ಪ್ರದೇಶವನ್ನು ಇದರ ಎದುರು ಇಟ್ಟು ನೋಡಿ. 1968ರಲ್ಲಿ ಅಲ್ಲಿನ ಬಹುಪಾಲು ಗಣಿ ಕಂಪನಿಗಳು ಒಂದೇ ಸಂಸ್ಥೆಯಡಿ ಸೇರಿದವು. ಅದೇ ಪ್ರದೇಶದ ಬಾಟ್ರಾಪ್‌ನ ಕೊನೆಯ ಗಣಿ ಮುಚ್ಚಿದ್ದು 2018ರಲ್ಲಿ. ನಡುವೆ ಐವತ್ತು ವರ್ಷ. ಅಲ್ಲಿನದೇ ಊರಾದ ಬೋಹುಮ್‌ನ ವಿಶ್ವವಿದ್ಯಾಲಯ 1965ರಲ್ಲೇ ಬಾಗಿಲು ತೆರೆದಿತ್ತು. ಸಬ್ಸಿಡಿಗೆ ಸುರಿದ ಹಣ ಸಣ್ಣದಲ್ಲ, ಈಗಲೂ ಅಲ್ಲಿ ನಿರುದ್ಯೋಗ ದೇಶದ ಸರಾಸರಿಗಿಂತ ಜಾಸ್ತಿ. ಆದರೂ ಜನರನ್ನು ಒಂದೇ ಸಲ ಬೀದಿಗೆ ತಳ್ಳಲಿಲ್ಲ. ನನ್ನ ಮಟ್ಟಿಗೆ ವೇಗವೇ ಎಲ್ಲಕ್ಕಿಂತ ಮುಖ್ಯ. ಎಷ್ಟು ಕೆಲಸ ಹೋಯಿತು ಅನ್ನುವುದರ ಜೊತೆಗೆ ಎಷ್ಟು ವರ್ಷದಲ್ಲಿ ಹೋಯಿತು ಅಂತಲೂ ಬರೆದಿಟ್ಟುಕೊಳ್ಳಿ.

ಬಡ ದೇಶವಾದರೆ ಇನ್ನೊಂದು ಪರೀಕ್ಷೆ ಬೇಕು. ಕಾರ್ಖಾನೆ ಉದ್ಯೋಗದ ಪಾಲು ತುದಿ ಮುಟ್ಟಿದಾಗ ಆ ದೇಶ ಎಷ್ಟು ಶ್ರೀಮಂತವಾಗಿತ್ತು? ಬ್ರಿಟನ್, ಜರ್ಮನಿಗಳಲ್ಲಿ ಒಂದು ಕಾಲಕ್ಕೆ ಹತ್ತಿರಹತ್ತಿರ ಮೂವರಲ್ಲಿ ಒಬ್ಬರು ಕಾರ್ಖಾನೆಯಲ್ಲಿದ್ದರು. ಈಗಿನ ಎಷ್ಟೋ ದೇಶಗಳು ಅದಕ್ಕಿಂತ ಬಹಳ ಕೆಳಗೇ, ಕೈಯಲ್ಲಿ ಕಾಸಿಲ್ಲದಾಗಲೇ, ಇಳಿಯತೊಡಗಿವೆ. ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ಇದನ್ನು ಅಕಾಲಿಕ ಇಳಿತ ಅನ್ನುತ್ತಾರೆ. ಅಂಥ ಕಡೆ ಸೇವಾ ವಲಯದ ಒಳಗೇ ಕೈಹಾಕಬೇಕು. ಚಿಲ್ಲರೆ ವ್ಯಾಪಾರ, ಮನೆಗೆಲಸ, ಸಾಗಣೆ ಇಷ್ಟನ್ನು ಪಕ್ಕಕ್ಕಿಡಿ. ಸಾಫ್ಟ್‌ವೇರ್, ಹಣಕಾಸು, ಆರೋಗ್ಯ, ಶಿಕ್ಷಣದಲ್ಲಿ ಎಷ್ಟು ಜನ ಉಳಿಯುತ್ತಾರೆ ಎಣಿಸಿ, ಆ ಎಣಿಕೆಯನ್ನು ಹತ್ತು ವರ್ಷ ಹಿಂದಿನದರ ಪಕ್ಕ ಬರೆಯಿರಿ.